ತೋಟಕ್ಕೂ ಘಾಟಿಗೂ ಒಂದೇ ಗಾಡಿ: ಅಪ್ಪನ ಹಳೆಯ ಜೀಪೋ, ಹೊಸ ಥಾರೋ, ಜಿಮ್ನಿಯೋ?

ತೀರ್ಥಹಳ್ಳಿ ಕಡೆಯವನು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿ–ಆಗುಂಬೆ ರಸ್ತೆಯಿಂದ ಮೂರು ಕಿಲೋಮೀಟರ್ ಒಳಗಿದೆ. ಕೊನೆಯ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ. ನಡುವೆ ಹಳ್ಳಕ್ಕೊಂದು ಕಿರಿದಾದ ಸಂಕ (ಕಿರುಸೇತುವೆ), ಅದನ್ನು ದಾಟಿದ ಕೂಡಲೇ ದರೆಗೆ ಅಂಟಿಕೊಂಡ ಕಡಿದಾದ ಏರು. ಅಪ್ಪ 1988ರಲ್ಲಿ ಕೊಂಡ ಮಹೀಂದ್ರ ಎಂಎಂ 540 ಜೀಪು ಆರು ವರ್ಷಗಳಿಂದ ಕೊಟ್ಟಿಗೆಯ ಮೂಲೆಯಲ್ಲಿ ನಿಂತಿದ್ದು, ಅದರ ಹಿಂದಿನ ಸೀಟಿನಲ್ಲಿ ಈಗ ಕೋಳಿಗಳು ಮೊಟ್ಟೆಯಿಡುತ್ತಿವೆ. ನನ್ನ ಪೋಲೊ ಜಿಟಿ ಟಿಎಸ್‌ಐ ಕಾರನ್ನು ಮಳೆಗಾಲದಲ್ಲಿ ಟಾರು ರಸ್ತೆಯ ಬದಿಯ ಪರಿಚಯದವರ ಅಂಗಳದಲ್ಲಿ ಬಿಟ್ಟು, ಇಂಬಳ ಕಚ್ಚಿಸಿಕೊಳ್ಳುತ್ತ ನಡೆದು ಬರುವುದೇ ರೂಢಿಯಾಗಿದೆ.

ಜೀಪನ್ನು ಸರಿಪಡಿಸಿ, ದಪ್ಪ ಟೈರು ಹಾಕಿಸಿ, ಸಾಧ್ಯವಾದರೆ ಹೊಸ ಕಾಲದ ಎಂಜಿನ್ ಕೂರಿಸಿ ಓಡಿಸುವ ಆಸೆಯಿದೆ. ಪೋಲೊ ಮಾರಿ ಮಹೀಂದ್ರದ ಥಾರ್ ಅಥವಾ ಮಾರುತಿಯ ಜಿಮ್ನಿ ಕೊಳ್ಳುವುದೇ ಜಾಣತನವೆಂದು ಮನೆಯವರ ವಾದ. ಅನುಭವಿಗಳು ದಯವಿಟ್ಟು ತಿಳಿಸಿ.

ಹಳೇ ಗೇರ್‌ಬಾಕ್ಸ್, ಹೊಸನಗರ

ಎಂಜಿನ್ ಬದಲಿಸುವ ಆಲೋಚನೆಯನ್ನು ಮೊದಲು ಬಿಡಿ. ಆ ಜೀಪಿನ 2112 ಸಿಸಿ ಪೆಜೊ ಡೀಸೆಲ್ ಎಂಜಿನ್ ವೇಗಕ್ಕೆ ಹುಟ್ಟಿದ್ದಲ್ಲ. ಲೋ ಗೇರಿನಲ್ಲಿ ಆಕ್ಸಿಲರೇಟರ್ ಮುಟ್ಟದೆಯೇ ಅಡಕೆ ಮೂಟೆಗಳನ್ನು ಹೊತ್ತು ದರೆ ಹತ್ತುವುದೇ ಅದರ ಕಸುಬು. ಅಲ್ಲದೆ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರಲ್ಲಿಯೇ ಹೇಳಿದೆ.

ನೋಡಬೇಕಾದದ್ದು ಚಾಸಿಯನ್ನು, ಅಂದರೆ ಗಾಡಿಯ ತಳದ ಉಕ್ಕಿನ ಚೌಕಟ್ಟನ್ನು. ನನ್ನ ಜೀಪನ್ನು ಪೇಟೆಯ ಒಂದು ಗ್ಯಾರೇಜಿಗೆ ಕೊಟ್ಟಿದ್ದೆ. ಐದು ತಿಂಗಳ ನಂತರ ಕನ್ನಡಿಯಂತೆ ಹೊಳೆಯುತ್ತ ಬಂತು. ಮರುವರ್ಷದ ಮಳೆಗಾಲದಲ್ಲಿ ಹಿಂದಿನ ಸ್ಪ್ರಿಂಗ್ ಪಟ್ಟಿ ಕೂರುವ ಜಾಗವೇ ಕಿತ್ತು ಬಂದಾಗ, ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿದದ್ದು ಬಯಲಾಯಿತು. ಆದ್ದರಿಂದ ಬಣ್ಣದ ಮಾತು ಕೊನೆಗಿರಲಿ. ಬ್ರೇಕ್ ಸಿಲಿಂಡರುಗಳು, ರಬ್ಬರ್ ಪೈಪುಗಳು, ಡೀಸೆಲ್ ಟ್ಯಾಂಕಿನ ತಳದ ಕೆಸರು, ಇವಿಷ್ಟು ಮೊದಲು. ಡ್ರಮ್ ಬ್ರೇಕಿನ ಗಾಡಿಯಾದ್ದರಿಂದ ಹಳ್ಳ ದಾಟಿದ ಮೇಲೆ ಒಂದಷ್ಟು ದೂರ ಪೆಡಲನ್ನು ಹಗುರವಾಗಿ ಒತ್ತಿಕೊಂಡೇ ಹೋಗಿ ನೀರು ಆರಿಸಬೇಕು. ಇಲ್ಲದಿದ್ದರೆ ಮುಂದಿನ ಇಳಿಜಾರಿನಲ್ಲಿ ದೇವರೇ ಗತಿ. ಕೋಳಿಗಳಿಗೆ ಬೇರೆ ಗೂಡು ಮಾಡಿಕೊಡಿ.

ಸಾಗರದ ಕೆಎ 15

ಹೊಸನಗರದವರ ಜೀಪು ಪ್ರೀತಿಗೆ ನನ್ನ ಗೌರವವಿದೆ, ಆದರೆ ಮನೆಯವರನ್ನು ಕೂರಿಸಿಕೊಂಡು ನಡುರಾತ್ರಿ ಆಸ್ಪತ್ರೆಗೆ ಹೊರಡುವಾಗ ಪ್ರೀತಿಯೊಂದೇ ಸಾಲದು. ಏರ್‌ಬ್ಯಾಗ್, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಯಾವುದೂ ಇಲ್ಲದ ಗಾಡಿಯನ್ನು ಮನೆಯ ಏಕೈಕ ವಾಹನವಾಗಿಸುವುದನ್ನು ನಾನು ಒಪ್ಪುವುದಿಲ್ಲ.

ಥಾರ್ ಮತ್ತು ಜಿಮ್ನಿಯ ನಡುವೆ ನಿಮ್ಮ ಸಂಕವೇ ತೀರ್ಪು ಕೊಡಲಿ. ಜಿಮ್ನಿಯ ಅಗಲ 1645 ಮಿಲಿಮೀಟರ್, ಥಾರ್‌ನದ್ದು ಸುಮಾರು 1820. ಜಾಲತಾಣದಲ್ಲಿ ಓದುವಾಗ ಒಂದು ಗೇಣಿಗೂ ಕಡಿಮೆಯೆನಿಸುವ ಈ ವ್ಯತ್ಯಾಸ, ಎರಡೂ ಕಡೆ ನೀರು ಹರಿಯುತ್ತಿರುವಾಗ ಬೇರೆಯೇ ಆಗಿ ಕಾಣುತ್ತದೆ. ಜಿಮ್ನಿ ಥಾರ್‌ಗಿಂತ ಅರ್ಧ ಟನ್ನಿನಷ್ಟು ಹಗುರವಾದ್ದರಿಂದ ನಮ್ಮ ಜಂಬಿಟ್ಟಿಗೆ ಮಣ್ಣಿನ ಕೆಸರಿನಲ್ಲಿ ಕಡಿಮೆ ಹೂತುಕೊಳ್ಳುತ್ತದೆ. ಹಗುರತನದ ಈ ಗುಣದಿಂದಲೇ 1985ರಲ್ಲಿ ಬಂದ ಮಾರುತಿಯ ಜಿಪ್ಸಿ, ಕೇವಲ 970 ಸಿಸಿ ಎಂಜಿನ್ನಿನಲ್ಲಿಯೂ ದೊಡ್ಡ ಗಾಡಿಗಳನ್ನು ನಾಚಿಸುತ್ತಿತ್ತು. ಬೆನ್ನುಮೂಳೆಯನ್ನೂ ಅಲ್ಲಾಡಿಸುತ್ತಿತ್ತು, ಅದು ಬೇರೆ ಮಾತು.

ಥಾರ್‌ನ ಪರವಾಗಿಯೂ ಹೇಳಬೇಕು. ಡೀಸೆಲ್ ಥಾರ್ 300 ನ್ಯೂಟನ್ ಮೀಟರ್ ಟಾರ್ಕ್ (ಚಕ್ರ ತಿರುಗಿಸುವ ಬಲ) ಕೊಟ್ಟರೆ, ಜಿಮ್ನಿಯ ಪೆಟ್ರೋಲ್ ಎಂಜಿನ್ 134ಕ್ಕೆ ನಿಲ್ಲುತ್ತದೆ. ಆಳು-ಕಾಳು, ಗೊಬ್ಬರ ತುಂಬಿಕೊಂಡು ಹತ್ತುವಾಗ ಇದು ಗೊತ್ತಾಗುತ್ತದೆ. ಡಿಫರೆನ್ಷಿಯಲ್ ಎಂದರೆ ತಿರುವಿನಲ್ಲಿ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ. ಹಿಂದಿನ ಡಿಫರೆನ್ಷಿಯಲ್ ಲಾಕ್ ಇರುವ ಥಾರ್‌ನಲ್ಲಿ ಒಂದು ಚಕ್ರ ಗಾಳಿಯಲ್ಲಿದ್ದರೂ ಇನ್ನೊಂದು ಎಳೆಯುತ್ತದೆ. ಜಿಮ್ನಿ ಸುಮ್ಮನೆ ತಿರುಗುವ ಚಕ್ರಕ್ಕೆ ಬ್ರೇಕ್ ಹಾಕಿ ಅದೇ ಕೆಲಸವನ್ನು ತುಸು ತಡವಾಗಿ ಮಾಡುತ್ತದೆ. ಯಾವುದನ್ನೇ ಕೊಂಡರೂ ಒಣ ಟಾರು ರಸ್ತೆಯಲ್ಲಿ ಫೋರ್ ವೀಲ್ (ನಾಲ್ಕೂ ಚಕ್ರ ಎಳೆಯುವ ಗೇರು) ಹಾಕಬೇಡಿ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲದ ಕಾರಣ ತಿರುವಿನಲ್ಲಿ ಗಾಡಿ ಬಿಗಿದುಕೊಂಡು ಗೇರಿನ ಭಾಗಗಳು ಸವೆಯುತ್ತವೆ. ನನ್ನ ಮತ ಜಿಮ್ನಿಗೆ.

ಘಾಟಿ ಪ್ರಿಯ

ಪೋಲೊ ಮಾರುವ ಮಾತಿಗೆ ನನ್ನ ಆಕ್ಷೇಪವಿದೆ. 105 ಪಿಎಸ್ ಶಕ್ತಿಯ, 1.2 ಲೀಟರ್ ಟರ್ಬೊ ಎಂಜಿನ್ನಿನ ಆ ಕಾರು ಇನ್ನು ಹೊಸದಾಗಿ ಸಿಗುವುದಿಲ್ಲ; ಪೋಲೊ ಮಾರಾಟ 2022ರಲ್ಲೇ ನಿಂತಿತು. ಬೇಸಿಗೆಯ ಬೆಳಗಿನ ಆರಕ್ಕೆ ತೀರ್ಥಹಳ್ಳಿಯಿಂದ ಶಿವಮೊಗ್ಗದ ಕಡೆಗೆ, ಮಂಡಗದ್ದೆಯ ಬಳಿ ತುಂಗೆಯ ಪಕ್ಕದಲ್ಲೇ ಸಾಗುವಾಗ ಅದು ಕೊಡುವ ಸುಖವನ್ನು ಎತ್ತರದ ಗಾಡಿ ಕೊಡಲಾರದು. ಆಗುಂಬೆ ಘಾಟಿಯ ಹೇರ್‌ಪಿನ್ ತಿರುವುಗಳಲ್ಲಿ ಮಾತ್ರ ಶಕ್ತಿಗಿಂತ ತಾಳ್ಮೆಯೇ ಮುಖ್ಯ. ವಾಹನಗಳ ಸಾಲಿನಲ್ಲಿ ತೆವಳುತ್ತ ಹತ್ತಿದರೆ ಪೋಲೊದ ಒಣ ಕ್ಲಚ್‌ನ ಡಿಎಸ್‌ಜಿ (ತಾನೇ ಗೇರು ಬದಲಿಸುವ ಗೇರ್‌ಬಾಕ್ಸ್) ಬಿಸಿಯಾಗುವುದರಿಂದ, ಮುಂದೆ ಜಾಗ ಬಿಟ್ಟುಕೊಂಡು ಒಮ್ಮೆಗೇ ಸಾಗುವುದು ಒಳ್ಳೆಯದು.

ಜೀಪನ್ನು ವಿಂಟೇಜ್ ಎಂದು ನೋಂದಾಯಿಸಬಹುದೆಂದು ಯಾರಾದರೂ ಹೇಳಿದರೆ ನಂಬಬೇಡಿ. 2021ರ ನಿಯಮದಂತೆ ಅದಕ್ಕೆ ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ನಿಮ್ಮದಕ್ಕೆ 2038ರವರೆಗೆ ಕಾಯಬೇಕು. ಆಮೇಲೂ ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಸಾಮಾನ್ಯ ನೋಂದಣಿಯ ನವೀಕರಣವೇ ನಿಮಗಿರುವ ದಾರಿ, ಅವಧಿ ಮುಗಿದಿದೆಯೇ ಎಂದು ಆರ್‌ಸಿ ತೆಗೆದು ನೋಡಿ.

ತೀರ್ಥಹಳ್ಳಿ ಕಡೆಯವನು

ಮೂವರಿಗೂ ಧನ್ಯವಾದಗಳು. ಇವತ್ತು ಬೆಳಿಗ್ಗೆ ಜೀಪಿನ ಅಡಿಗೆ ನುಗ್ಗಿ ಚಾಸಿಯುದ್ದಕ್ಕೂ ಸ್ಕ್ರೂಡ್ರೈವರಿನಿಂದ ಕುಟ್ಟುತ್ತ ಬಂದೆ. ಎಡಭಾಗ ಗಟ್ಟಿಯಾಗಿದೆ, ಬಲಗಡೆ ಹಿಂದಿನ ಸ್ಪ್ರಿಂಗ್ ಪಟ್ಟಿಯ ಹತ್ತಿರ ಹೆಬ್ಬೆರಳಿನಷ್ಟು ಜಾಗದಲ್ಲಿ ತುದಿ ಒಳಕ್ಕೇ ಹೋಯಿತು. ಆರ್‌ಸಿ ಅವಧಿಯೂ ಮುಗಿದಿದೆ. ಸಂಕವನ್ನು ಅಳೆದೆ, ಅಂಚಿನ ಕಲ್ಲುಗಳ ನಡುವೆ ಏಳು ಅಡಿಗೆ ಎರಡು ಅಂಗುಲ ಕಡಿಮೆಯಿದೆ. ಭಾನುವಾರ ಪರಿಚಯದವರೊಬ್ಬರ ಜಿಮ್ನಿಯನ್ನು ಅದರ ಮೇಲೆ ದಾಟಿಸಿ ನೋಡುತ್ತೇವೆ. ಪೋಲೊ ಸದ್ಯಕ್ಕೆ ಮಾರುವುದಿಲ್ಲ.