ಕನ್ನಡ ಲೇಬಲ್‌ಗಳ ಒತ್ತಕ್ಷರ ಕತ್ತರಿಸಿಹೋಗುತ್ತಿದೆ: ವಿಂಡೋಸ್ ಫಾರ್ಮ್ಸ್‌ನಲ್ಲಿ ಕಂಟ್ರೋಲ್‌ಗಳ ಅಳತೆ, ಜಾಗ ಹೇಗೆ ನಿರ್ಧರಿಸಬೇಕು?

ಹುನಗುಂದ_ದಾರಿ (ಇಳಕಲ್) ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಸೀರೆ ಅಂಗಡಿಯೊಂದಕ್ಕೆ ಸಿ ಶಾರ್ಪ್ ಭಾಷೆಯಲ್ಲಿ, ವಿಂಡೋಸ್ ಫಾರ್ಮ್ಸ್ (ವಿಂಡೋಸ್ ತಂತ್ರಾಂಶಗಳ ಕಿಟಕಿ ಕಟ್ಟುವ ಸಾಧನ) ಬಳಸಿ ಬಿಲ್ಲಿನ ತಂತ್ರಾಂಶ ಬರೆಯುತ್ತಿದ್ದೇನೆ. ಮಾಲೀಕರ ಅಪೇಕ್ಷೆಯಂತೆ ಪರದೆಯ ಮೇಲಿನ ಬರಹವೆಲ್ಲ ಕನ್ನಡದಲ್ಲಿದೆ: ಗ್ರಾಹಕರ ಹೆಸರು, ದಡಿಯ ಬಗೆ, ಸೆರಗು, ಒಟ್ಟು ಮೊತ್ತ, ಹೀಗೆ. 1920×1080 ಪರದೆಯಿರುವ, ಸ್ಕೇಲಿಂಗ್ (ಪರದೆಯ ಬರಹವನ್ನು ಹಿಗ್ಗಿಸುವ ಪ್ರಮಾಣ) 100% ಇಟ್ಟಿರುವ ನನ್ನ ಕಂಪ್ಯೂಟರಿನಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ. ಅಂಗಡಿಯ ಲ್ಯಾಪ್‌ಟಾಪಿನದು 1366×768, ಸ್ಕೇಲಿಂಗ್ 125%. ಅಲ್ಲಿ ‘ಒಟ್ಟು ಮೊತ್ತ’ ಎಂಬುದು ‘ಒಟು ಮೊತ’ ಎಂದು ಕಾಣುತ್ತದೆ. ‘ಉಳಿಸು’ ಬಟನ್ ಟಾಸ್ಕ್‌ಬಾರಿನ ಕೆಳಗೆ ಮರೆಯಾಗುತ್ತದೆ. "ಇದೇನ್ರಿ, ಅಕ್ಷರ ಅರ್ಧಾನೇ ಬಂದಾವಲ್ಲ" ಎಂದು ಮಾಲೀಕರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಫಾರ್ಮಿನ (ತಂತ್ರಾಂಶದ ಕಿಟಕಿಯ) ಅಳತೆ 1180×780. ಪ್ರತಿ ಲೇಬಲ್ಲಿಗೂ ಆಟೋಸೈಜ್ (ಬರಹಕ್ಕೆ ತಕ್ಕಂತೆ ಅಳತೆ ತಾನೇ ಬದಲಾಗುವ ಆಯ್ಕೆ) ತೆಗೆದು 16 ಪಿಕ್ಸೆಲ್ ಎತ್ತರ ಕೊಟ್ಟಿದ್ದೇನೆ. ಕಿಟಕಿಯ ಅಳತೆ ಬದಲಾದಾಗ ನಡೆಯುವ ರೀಸೈಜ್ ಈವೆಂಟಿನಲ್ಲಿ ಫಾರ್ಮಿನ ಹಿಂದಿನ ಅಳತೆಗೂ ಈಗಿನ ಅಳತೆಗೂ ಇರುವ ಅನುಪಾತದಿಂದ ಎಲ್ಲ ಕಂಟ್ರೋಲ್‌ಗಳ (ಲೇಬಲ್, ಬಟನ್ ಮುಂತಾದವುಗಳ) ಅಗಲ, ಎತ್ತರ, ಸ್ಥಾನಗಳನ್ನು ಗುಣಿಸುತ್ತೇನೆ. ಆದರೆ ಕಿಟಕಿಯನ್ನು ಮಿನಿಮೈಜ್ ಮಾಡಿ ಮತ್ತೆ ತೆರೆದರೆ ಒಂದೂ ಕಂಟ್ರೋಲ್ ಕಾಣುವುದಿಲ್ಲ.

ಕೋಟೆಕೆರೆ (ಬೆಳಗಾವಿ)

ಕೊನೆಯ ತೊಂದರೆಯ ಕಾರಣ ಸರಳವಾಗಿದೆ. ಮಿನಿಮೈಜ್ ಮಾಡಿದಾಗಲೂ ರೀಸೈಜ್ ಈವೆಂಟ್ ನಡೆಯುತ್ತದೆ ಮತ್ತು ಆ ಕ್ಷಣದಲ್ಲಿ ಫಾರ್ಮಿನ ಒಳಜಾಗದ ಅಳತೆ ಸೊನ್ನೆಯಾಗಿರುತ್ತದೆ. ಸೊನ್ನೆಯಿಂದ ಗುಣಿಸಿದ ಅಗಲ ಮುಂದೆ ಯಾವ ಅನುಪಾತದಿಂದಲೂ ಮರಳಿ ಬರುವುದಿಲ್ಲ. ಮಿನಿಮೈಜ್ ಆಗಿದೆಯೇ ಎಂದು ಪರೀಕ್ಷಿಸುವ ಸಾಲೊಂದನ್ನು ಸೇರಿಸಿ ಇದನ್ನು ತಪ್ಪಿಸಬಹುದಾದರೂ, ಪ್ರತಿ ಸಲ ಪೂರ್ಣಾಂಕಕ್ಕೆ ಇಳಿಸುವಾಗ ಉಳಿಯುವ ಚೂರುಪಾರು ವ್ಯತ್ಯಾಸ ಕೂಡುತ್ತಾ ಹೋಗಿ, ಹತ್ತಾರು ಸಲ ಕಿಟಕಿ ಎಳೆದ ಮೇಲೆ ಸಾಲುಗಳು ಓರೆಯಾಗುತ್ತವೆ. ಆದ್ದರಿಂದ ಆ ಕೋಡನ್ನು ಪೂರ್ತಿ ತೆಗೆದುಹಾಕಿ. ಆ್ಯಂಕರ್ (ಅಂಚಿನಿಂದ ದೂರವನ್ನು ಕಾಯ್ದುಕೊಳ್ಳುವುದು) ಮತ್ತು ಡಾಕ್ (ಒಂದು ಅಂಚಿಗೆ ಅಂಟಿ ನಿಲ್ಲುವುದು) ಇರುವುದೇ ಈ ಕೆಲಸಕ್ಕೆ. ಕಂಟ್ರೋಲ್‌ಗಳನ್ನು ಸಾಲು, ಕಾಲಮ್ಮುಗಳಲ್ಲಿ ಜೋಡಿಸುವ ಟೇಬಲ್‌ಲೇಔಟ್‌ಪ್ಯಾನೆಲ್ ಸಹ 2005ರಲ್ಲಿ ಬಂದ ಡಾಟ್‌ನೆಟ್ (ಸಿ ಶಾರ್ಪ್ ತಂತ್ರಾಂಶಗಳು ನಡೆಯುವ ವೇದಿಕೆ) 2.0ರಿಂದಲೇ ಇದೆ.

ಫಾರ್ಮನ್ನು ಮೂರು ಭಾಗ ಮಾಡಿ. ಮೇಲೆ ಗ್ರಾಹಕರ ವಿವರದ ಪ್ಯಾನೆಲ್ (ಡಾಕ್: ಟಾಪ್), ಕೆಳಗೆ ಮೊತ್ತ ಮತ್ತು ಬಟನ್‌ಗಳ ಪ್ಯಾನೆಲ್ (ಡಾಕ್: ಬಾಟಮ್), ನಡುವೆ ಸೀರೆಗಳ ಗ್ರಿಡ್, ಅಂದರೆ ಕೋಷ್ಟಕ (ಡಾಕ್: ಫಿಲ್). ಇಲ್ಲಿ ಅನೇಕರು ಎಡವುತ್ತಾರೆ. ಡಾಕ್ ಮಾಡಿದವುಗಳಿಗೆ ಜಾಗ ಹಂಚಿಕೆಯಾಗುವುದು, ಒಂದರ ಮೇಲೊಂದು ಪೇರಿಸಿದ ಕ್ರಮದಲ್ಲಿ, ಹಿಂದಿನಿಂದ ಮುಂದಕ್ಕೆ. ಎಲ್ಲಕ್ಕಿಂತ ಹಿಂದಿರುವ ಕಂಟ್ರೋಲ್ ಮೊದಲು ತನ್ನ ಅಂಚನ್ನು ಹಿಡಿಯುತ್ತದೆ. ಗ್ರಿಡ್ ಎಲ್ಲಕ್ಕಿಂತ ಮುಂದೆ ಇದ್ದರೆ ಮಾತ್ರ ಉಳಿದ ಜಾಗ ಅದಕ್ಕೆ ಸರಿಯಾಗಿ ಸಿಗುತ್ತದೆ, ಇಲ್ಲದಿದ್ದರೆ ಅದರ ಮೊದಲ ಸಾಲುಗಳು ಮೇಲಿನ ಪ್ಯಾನೆಲ್ಲಿನ ಅಡಿಯಲ್ಲಿ ಅಡಗುತ್ತವೆ. ಗ್ರಿಡ್ ಮೇಲೆ ಬಲಗುಂಡಿ ಒತ್ತಿ ‘ಬ್ರಿಂಗ್ ಟು ಫ್ರಂಟ್’ ಆರಿಸಿದರೆ ಸಾಕು.

ಮೇಲಿನ ಪ್ಯಾನೆಲ್ಲಿನೊಳಗೆ ಎರಡು ಕಾಲಮ್ಮಿನ ಟೇಬಲ್‌ಲೇಔಟ್‌ಪ್ಯಾನೆಲ್ ಇಡಿ. ಲೇಬಲ್ಲಿನ ಕಾಲಮ್ಮಿಗೆ ಆಟೋಸೈಜ್, ಟೆಕ್ಸ್ಟ್‌ಬಾಕ್ಸಿನ ಕಾಲಮ್ಮಿಗೆ 100 ಪರ್ಸೆಂಟ್ ಕೊಡಿ, ಸಾಲುಗಳಿಗೆಲ್ಲ ಆಟೋಸೈಜ್ ಇರಲಿ. ‘ಗ್ರಾಹಕರ ಹೆಸರು’ ಎಷ್ಟು ಅಗಲ ಬೇಡುತ್ತದೆಯೋ ಅಷ್ಟನ್ನು ಮೊದಲ ಕಾಲಮ್ ತಾನೇ ತೆಗೆದುಕೊಳ್ಳುತ್ತದೆ, ಮಿಕ್ಕಿದ್ದು ಟೆಕ್ಸ್ಟ್‌ಬಾಕ್ಸಿಗೆ ಹೋಗುತ್ತದೆ. ಲೇಬಲ್ಲಿನ ಆ್ಯಂಕರ್ ಬರಿಯ ಲೆಫ್ಟ್ ಇದ್ದರೆ ಅದು ಸಾಲಿನ ಎತ್ತರದ ನಡುವೆ ನಿಲ್ಲುತ್ತದೆ. ಟೆಕ್ಸ್ಟ್‌ಬಾಕ್ಸಿಗೆ ಲೆಫ್ಟ್ ಮತ್ತು ರೈಟ್ ಎರಡೂ ಕೊಟ್ಟರೆ ಅಡ್ಡಲಾಗಿ ಹಿಗ್ಗುತ್ತದೆ.

ಗೋಳಗುಮ್ಮಟ_86 (ವಿಜಯಪುರ)

ಮೇಲಿನ ಮಾತನ್ನು ಪೂರ್ತಿ ಒಪ್ಪುತ್ತೇನೆ. ಒತ್ತಕ್ಷರದ ಬಗ್ಗೆ ಮಾತ್ರ ಸ್ವಲ್ಪ ಸೇರಿಸುತ್ತೇನೆ. ಇಂಗ್ಲಿಷ್ ಬರಹಕ್ಕೆ ಸಾಕಾಗುವ ಎತ್ತರ ಕನ್ನಡಕ್ಕೆ ಸಾಲದು. ನಮ್ಮ ಲಿಪಿಯಲ್ಲಿ ಒತ್ತು ಗೆರೆಯ ಕೆಳಗೆ ಇಳಿಯುತ್ತದೆ. ‘ರಾಷ್ಟ್ರ’ ಎಂಬಲ್ಲಿ ಎರಡು ಒತ್ತುಗಳು ಬರುತ್ತವೆ. ನಿಮ್ಮ 16 ಪಿಕ್ಸೆಲ್ಲಿನಲ್ಲಿ ಟ, ತ ಒತ್ತುಗಳಿಗೆ ಜಾಗವೇ ಇಲ್ಲ.

ಫಾಂಟ್ ಯಾವುದಿದೆ ನೋಡಿ. ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕ್ ಯೋಜನೆಯಾಗಿದ್ದರೆ ಅದು ಮೈಕ್ರೋಸಾಫ್ಟ್ ಸಾನ್ಸ್ ಸೆರಿಫ್ 8.25 ಆಗಿರುತ್ತದೆ. ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ವಿಂಡೋಸ್ ಅವುಗಳನ್ನು ಬೇರೆ ಫಾಂಟಿನಿಂದ ತಂದು ತೋರಿಸುತ್ತದೆ, ಸಾಲಿನ ಎತ್ತರದ ಲೆಕ್ಕ ಮಾತ್ರ ಮೂಲ ಫಾಂಟಿನದೇ ಆಗಿ ಉಳಿಯುವ ಸಂಭವವಿದೆ. ಆದ್ದರಿಂದ ಡಿಸೈನರಿನಲ್ಲಿಯೇ, ಒಂದೂ ಕಂಟ್ರೋಲ್ ಇಡುವ ಮೊದಲು, ಫಾರ್ಮಿಗೆ ನಿರ್ಮಲಾ ಯುಐ 10 ಪಾಯಿಂಟ್ ಕೊಡಿ; ವಿಂಡೋಸ್ 8ರಿಂದ ಈಚೆಗೆ ಅದು ಎಲ್ಲ ಕಡೆ ಇದೆ. ಪ್ರತ್ಯೇಕ ಫಾಂಟ್ ಕೊಡದ ಕಂಟ್ರೋಲ್‌ಗಳೆಲ್ಲ ಫಾರ್ಮಿನ ಫಾಂಟನ್ನೇ ಪಡೆಯುತ್ತವೆ. ಲೇಬಲ್‌ಗಳ ಆಟೋಸೈಜ್ ಮತ್ತೆ ಹಾಕಿ.

ಇನ್ನು ಬಟನ್ ವಿಷಯ. 1366×768 ಪರದೆಯನ್ನು 125%ರಿಂದ ಭಾಗಿಸಿದರೆ ಉಳಿಯುವುದು ಸುಮಾರು 1093×614, ಅದರಲ್ಲಿ ವಿಂಡೋಸ್ 10ರ ಟಾಸ್ಕ್‌ಬಾರ್ 40 ಪಿಕ್ಸೆಲ್ ಎತ್ತರ ತಿನ್ನುತ್ತದೆ. 780 ಎತ್ತರದ ಫಾರ್ಮು ಅಲ್ಲಿ ಹಿಡಿಯುವುದು ಅಸಾಧ್ಯ. ವಿನ್ಯಾಸವನ್ನು 1024×560ರೊಳಗೆ ಮಾಡಿ, ಅದನ್ನೇ ಮಿನಿಮಮ್‌ಸೈಜ್ (ಕನಿಷ್ಠ ಅಳತೆ) ಮಾಡಿ, ಆಟೋಸ್ಕೇಲ್‌ಮೋಡ್ (ಫಾರ್ಮು ಯಾವುದಕ್ಕೆ ತಕ್ಕಂತೆ ಹಿಗ್ಗಬೇಕು ಎಂಬ ಆಯ್ಕೆ) ಫಾಂಟ್ ಎಂದೇ ಇರಲಿ.

ಹುನಗುಂದ_ದಾರಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ರೀಸೈಜ್ ಕೋಡು ಪೂರ್ತಿ ಹೋಯಿತು. ನಿನ್ನೆ ಸಂಜೆ ಅಂಗಡಿಯಲ್ಲಿ ತೆರೆದಾಗ ‘ಒಟ್ಟು ಮೊತ್ತ’ ಒತ್ತುಗಳ ಸಮೇತ ಕಾಣಿಸಿತು, ‘ಉಳಿಸು’ ಬಟನ್ ಕೆಳಗಿನ ಬಲ ಮೂಲೆಯಲ್ಲಿ ನಿಂತಿತ್ತು. ಗ್ರಿಡ್‌ನಲ್ಲಿ ಮಾತ್ರ ದಡಿಯ ಬಗೆಗಳ ಹೆಸರುಗಳಲ್ಲಿ ‘ಚಿಕ್ಕಿ’ ಎಂಬುದರ ಒತ್ತು ಸಾಲಿನ ಗೆರೆಗೆ ತಾಗಿ ಅರ್ಧ ಮರೆಯಾಗುತ್ತಿದೆ, ‘ಗೋಮಿ’ ಸರಿಯಾಗಿದೆ.

ಗೋಳಗುಮ್ಮಟ_86

ಗ್ರಿಡ್‌ನ ಸಾಲುಗಳ ಎತ್ತರ ತಾನಾಗಿ ಬೆಳೆಯುವುದಿಲ್ಲ. ಆಟೋಸೈಜ್‌ರೋಸ್‌ಮೋಡ್ ಎಂಬಲ್ಲಿ ಆಲ್‌ಸೆಲ್ಸ್ ಕೊಡಿ. ಸಾವಿರಾರು ಸಾಲುಗಳಿದ್ದರೆ ಅದು ನಿಧಾನವಾಗುತ್ತದೆ. ಆಗ ರೋಟೆಂಪ್ಲೇಟಿನ (ಹೊಸ ಸಾಲುಗಳಿಗೆಲ್ಲ ಮಾದರಿಯಾಗುವ ಸಾಲಿನ) ಎತ್ತರವನ್ನು ಫಾಂಟಿನ ಎತ್ತರಕ್ಕೆ 8 ಪಿಕ್ಸೆಲ್ ಕೂಡಿಸಿ ಕೋಡಿನಲ್ಲಿ ನಿಗದಿಪಡಿಸಿ, ಡೇಟಾ ತುಂಬುವ ಮೊದಲೇ.