ಸ್ವೀಡಿಷ್ ವಾಕ್ಯ ಕಟ್ಟೋಕೇ ಬರ್ತಿಲ್ಲ, ಕಲಿತವರು ಸ್ವಲ್ಪ ಹೇಳಿಕೊಡಿ

ಪ್ರಶ್ನೆ, ಯೋತೆಬೋರಿಯಿಂದ:

ಯಜಮಾನರ ಕೆಲಸದ ಮೇಲೆ ಯೋತೆಬೋರಿಗೆ, ಅಂದರೆ ಎಲ್ಲರೂ ಗಾಥೆನ್‌ಬರ್ಗ್ ಅನ್ನೋ ಊರಿಗೆ, ಬಂದಿದ್ದೇವೆ. ಇಲ್ಲಿನ ನಗರಾಡಳಿತ ನಡೆಸೋ ಎಸ್‌ಎಫ್‌ಐ ತರಗತಿಗೆ, ಅಂದರೆ ವಲಸೆ ಬಂದವರಿಗೆ ಸ್ವೀಡಿಷ್ ಕಲಿಸೋ ತರಗತಿಗೆ, ಸೇರಿದೀನಿ. ಪದಗಳು ಹೇಗೋ ತಲೆಗೆ ಹತ್ತುತ್ತಿವೆ, ಆದರೆ ವಾಕ್ಯ ಬರೆದರೆ ಟೀಚರ್ ಪ್ರತಿ ಸಲ ಕ್ರಿಯಾಪದಕ್ಕೆ ಸುತ್ತು ಹಾಕಿ ಬೇರೆ ಕಡೆಗೆ ಗೆರೆ ಎಳೀತಾರೆ. ಪುಸ್ತಕ ಎಲ್ಲವನ್ನೂ ಇಂಗ್ಲಿಷಿಗೆ ಹೋಲಿಸಿ ಹೇಳುತ್ತೆ. ನೀವೆಲ್ಲ ಹೇಗೆ ಕಲಿತಿರಿ? ಯಾವುದು ಮೊದಲು, ಯಾವುದು ಆಮೇಲೆ?

ಉಪ್ಸಾಲಾದಿಂದ:

ಮೊದಲು ಒಂದೇ ನಿಯಮ ಹಿಡಿದುಕೊಳ್ಳಿ. ಸಾದಾ ಹೇಳಿಕೆಯಲ್ಲಿ ಕ್ರಿಯಾಪದ ಎರಡನೇ ಜಾಗ ಬಿಟ್ಟು ಕದಲಲ್ಲ. (ಕನ್ನಡ ಲಿಪಿಯಲ್ಲಿ ಬರೀತಿದೀನಿ, ಉಚ್ಚಾರ ಹತ್ತಿರಹತ್ತಿರ ಅಷ್ಟೇ.) ‘ಯಾಗ್ ದ್ರಿಕ್ಕೆರ್ ಕಫ್ಫೆ ನ್ಯೂ’ ಅಂದರೆ ನಾನು ಈಗ ಕಾಫಿ ಕುಡೀತೀನಿ. ‘ಈಗ’ ಅನ್ನೋದನ್ನ ಮುಂದೆ ತಂದರೆ ‘ನ್ಯೂ ದ್ರಿಕ್ಕೆರ್ ಯಾಗ್ ಕಫ್ಫೆ’. ಕುಡಿಯೋದು ಇದ್ದಲ್ಲೇ ಇದೆ, ‘ನಾನು’ ಅದರ ಹಿಂದಕ್ಕೆ ಹೋಯಿತು. ಕನ್ನಡದಲ್ಲಿ ‘ಈಗ ನಾನು’, ‘ನಾನು ಈಗ’ ಎರಡೂ ನಡೆಯುತ್ತೆ, ಕ್ರಿಯಾಪದ ಕೊನೆಯಲ್ಲಿ ಕಾಯ್ತಿರುತ್ತೆ. ಇಂಗ್ಲಿಷಿನಲ್ಲೋ, ‘ಈಗ’ ಮುಂದೆ ಬಂದರೂ ‘ನಾನು’ ಕ್ರಿಯಾಪದದ ಮುಂದೆಯೇ ಕೂತಿರುತ್ತೆ. ನಮಗೆ ಗೊತ್ತಿರೋ ಎರಡು ಭಾಷೆಗಳೂ ಸೇರಿ ದಾರಿ ತಪ್ಪಿಸೋ ಜಾಗ ಇದು. ನಿಮ್ಮ ಟೀಚರ್ ಎಳೆಯೋ ಗೆರೆ ಮುಕ್ಕಾಲುವಾಸಿ ಇದಕ್ಕೇ ಇರಬೇಕು.

ಎರಡನೇ ಜಾಗ ಅಂದರೆ ಎರಡನೇ ಪದ ಅಲ್ಲ, ಗಮನಿಸಿ. ‘ನೇರ್ ಯಾಗ್ ಕೊಮ್ಮೆರ್ ಹೆಮ್ ದ್ರಿಕ್ಕೆರ್ ಯಾಗ್ ಕಫ್ಫೆ.’ ‘ನಾನು ಮನೆಗೆ ಬಂದಾಗ’ ಅನ್ನೋ ಅಷ್ಟೂ ಪದ ಸೇರಿ ಒಂದೇ ಜಾಗ. ಅದು ಮುಗಿದ ಕೂಡಲೇ ಮುಖ್ಯ ಕ್ರಿಯಾಪದ ಬರಲೇಬೇಕು. ಎರಡು ಕ್ರಿಯಾಪದ ಇದ್ದರೆ ಕಾಲ ತೋರಿಸೋದು ಎರಡನೇ ಜಾಗದಲ್ಲಿ, ಇನ್ನೊಂದು ಮೂಲರೂಪದಲ್ಲಿ ಹಿಂದೆ: ‘ನ್ಯೂ ವಿಲ್ ಯಾಗ್ ದ್ರಿಕ್ಕಾ ಕಫ್ಫೆ’, ಈಗ ನನಗೆ ಕಾಫಿ ಕುಡೀಬೇಕು. ಹೌದೋ ಅಲ್ಲವೋ ಅನ್ನೋ ಪ್ರಶ್ನೆಗೆ ಕ್ರಿಯಾಪದ ಮೊದಲನೇ ಜಾಗಕ್ಕೆ ಬರುತ್ತೆ, ‘ದ್ರಿಕ್ಕೆರ್ ದ್ಯೂ ಕಫ್ಫೆ?’, ನೀನು ಕಾಫಿ ಕುಡೀತೀಯಾ? ಅಷ್ಟೇ.

ನಾನು ಅಭ್ಯಾಸ ಮಾಡಿದ್ದು ಹೀಗೆ: ಒಂದು ವಾಕ್ಯ ಬರೆದು, ಅದರ ಒಂದೊಂದೇ ತುಂಡನ್ನ ಮುಂದೆ ತಂದು ಗಟ್ಟಿಯಾಗಿ ಹೇಳೋದು. ಕಾಲ, ಸ್ಥಳ, ಕರ್ಮ ಯಾವುದು ಬೇಕಾದರೂ ಮುಂದೆ ಬರಲಿ, ಕ್ರಿಯಾಪದ ಮಾತ್ರ ಅಲ್ಲಾಡಬಾರದು. ನಿಯಮ ಓದಿ ಬಾರದ್ದು ಬಾಯಿಗೆ ಹೀಗೆ ಬಂತು.

ಇನ್ನೊಂದು. ನಾವು ‘ಬಂದೆ’ ಅಂದರೆ ಸಾಕು, ಯಾರು ಅಂತ ಗೊತ್ತಾಗುತ್ತೆ. ಸ್ವೀಡಿಷ್ ಕ್ರಿಯಾಪದ ನಾನು, ನೀನು, ಅವರು ಎಲ್ಲರಿಗೂ ಒಂದೇ. ಕಲಿಯೋಕೆ ಸುಲಭ, ಆದರೆ ‘ಯಾಗ್’, ‘ದ್ಯೂ’ ಬಿಡೋ ಹಾಗಿಲ್ಲ. ಮಳೆಗೂ ಒಬ್ಬ ಕರ್ತೃ ಬೇಕು: ‘ದೆ ರೆಂಗ್ನರ್’.

ಸ್ಟಾಕ್‌ಹೋಮಿನಿಂದ:

ಮೇಲಿನವರು ಹೇಳಿದ್ದು ಸರಿ. ನಾನು ಉಲ್ಟಾ ಕಡೆಯಿಂದ ಹೇಳ್ತೀನಿ. ಇಂಗ್ಲಿಷ್ ಪುಸ್ತಕ ಪುಟಗಟ್ಟಲೆ ವಿವರಿಸೋ ಕೆಲವು ವಿಷಯ ಕನ್ನಡದವರಿಗೆ ಮೊದಲೇ ಗೊತ್ತಿರುತ್ತೆ. ನಮ್ಮ ತರಗತಿಯಲ್ಲಿ ‘ಹೆಮ್’, ‘ಹೆಮ್ಮಾ’ ವ್ಯತ್ಯಾಸಕ್ಕೆ ಎಲ್ಲರೂ ತಲೆ ಕೆರ್ಕೊಳ್ತಿದ್ದರು. ‘ಹೆಮ್’ ಅಂದರೆ ಮನೆಗೆ, ‘ಹೆಮ್ಮಾ’ ಅಂದರೆ ಮನೆಯಲ್ಲಿ, ಮುಗೀತು. ‘ದೀತ್’ ಅಲ್ಲಿಗೆ, ‘ದೇರ್’ ಅಲ್ಲಿ. ‘ಹೀತ್’ ಇಲ್ಲಿಗೆ, ‘ಹೇರ್’ ಇಲ್ಲಿ. ಇಂಗ್ಲಿಷ್ ಮೂಲಕ ಯೋಚಿಸಿದರೆ ಮಾತ್ರ ಇದು ಕಷ್ಟ.

ಹಾಗೇ ‘ಸಿನ್’. ‘ಹೂನ್ ರಿಂಗೆರ್ ಸಿನ್ ಮಮ್ಮಾ’ ಅಂದರೆ ಅವಳು ತನ್ನ ಅಮ್ಮನಿಗೆ ಫೋನ್ ಮಾಡ್ತಾಳೆ. ‘ಹೆನ್ನೆಸ್ ಮಮ್ಮಾ’ ಅಂದರೆ ಇನ್ಯಾರೋ ಒಬ್ಬಳ ಅಮ್ಮನಿಗೆ. ನಮ್ಮ ‘ತನ್ನ’, ‘ಅವಳ’ ಇದ್ದ ಹಾಗೇ. ವಸ್ತು ‘ಎತ್’ ಗುಂಪಿನ ನಾಮಪದವಾದರೆ ‘ಸಿತ್’, ಬಹುವಚನಕ್ಕೆ ‘ಸೀನಾ’.

ಮಾಲ್ಮೊದಿಂದ:

‘ತನ್ನ’ ಅಂತ ಪೂರ್ತಿ ನಂಬಬೇಡಿ. ‘ರವಿ ತನ್ನ ಅಮ್ಮ ಬರ್ತಾರೆ ಅಂದ’ ಕನ್ನಡದಲ್ಲಿ ಸರಿ, ಆದರೆ ಸ್ವೀಡಿಷಿನಲ್ಲಿ ಅಲ್ಲಿ ‘ಹನ್ಸ್ ಮಮ್ಮಾ’ ಬರಬೇಕು. ‘ಸಿನ್’ ತನ್ನ ಉಪವಾಕ್ಯದ ಗಡಿ ದಾಟಲ್ಲ, ಕರ್ತೃವಿನ ಒಳಗೂ ಕೂರಲ್ಲ. ಜೊತೆಗೆ ಆಡುಮಾತಿನಲ್ಲಿ ನಾವು ‘ಅವಳು ಅವರಮ್ಮಂಗೆ ಫೋನ್ ಮಾಡಿದ್ಲು’ ಅಂತಲೇ ಹೇಳೋದು. ಹಾಗಾಗಿ ಮನಸ್ಸಿನಲ್ಲಿ ಪುಸ್ತಕದ ಕನ್ನಡ ಇಟ್ಟುಕೊಳ್ಳಿ.

ಉಚ್ಚಾರದಲ್ಲಿ ಮಾತ್ರ ನಮಗೆ ಲಾಟರಿ. ಅವರ ತ, ದ ನಮ್ಮವೇ. ‘ರ್’ ನಂತರ ತ, ದ, ನ ಬಂದರೆ ಎರಡೂ ಸೇರಿ ಟ, ಡ, ಣ ಆಗುತ್ತೆ. ಮಗುವಿಗೆ ‘ಬಾಣ್’, ಮೇಜಿಗೆ ‘ಬೂಡ್’. ಸ್ಟಾಕ್‌ಹೋಮ್, ಯೋತೆಬೋರಿ ಕಡೆ ಇದು ನಡೆಯುತ್ತೆ. ನಮ್ಮ ದಕ್ಷಿಣದ ಸ್ಕೋನೆಯವರು ‘ರ’ವನ್ನೇ ಗಂಟಲಿನಿಂದ ಹೇಳೋದರಿಂದ ಇಲ್ಲಿ ಆ ‘ಣ’ ಸಿಗಲ್ಲ.

ಲಿಂಕೋಪಿಂಗ್‌ನಿಂದ:

‘ಎನ್’, ‘ಎತ್’, ಅಂದರೆ ನಾಮಪದಗಳ ಎರಡು ಲಿಂಗ, ಇದರ ಬಗ್ಗೆ ಯಾರೂ ಬಿಡಿಸಿ ಹೇಳಿಲ್ಲ. ಅದಕ್ಕೆ ಅಡ್ಡದಾರಿ ಇಲ್ಲ. ಕನ್ನಡದಲ್ಲಿ ಲಿಂಗ ಅರ್ಥದಿಂದ ಗೊತ್ತಾಗುತ್ತೆ, ಇಲ್ಲಿ ಮಗು ‘ಎತ್ ಬಾಣ್’, ಕಾರು ‘ಎನ್ ಬೀಲ್’, ಮನೆ ‘ಎತ್ ಹ್ಯೂಸ್’. ಸುಮಾರು ಮುಕ್ಕಾಲು ಪಾಲು ಪದ ‘ಎನ್’, ಗೊತ್ತಿಲ್ಲದಿದ್ದರೆ ಅದನ್ನೇ ಹೇಳಿ. ಪದ ಬರೆದುಕೊಳ್ಳುವಾಗಲೇ ಅದನ್ನೂ ಸೇರಿಸಿ ಬರೆದುಕೊಳ್ಳಿ. ‘ಆ’ ಅನ್ನೋ ನಿರ್ದಿಷ್ಟತೆ ಪದದ ಬಾಲಕ್ಕೆ ಅಂಟುತ್ತೆ: ‘ಬೀಲೆನ್’, ‘ಹ್ಯೂಸೆತ್’. ಪ್ರತ್ಯಯ ಅಂಟಿಸೋದು ನಮಗೇನು ಹೊಸದಲ್ಲ. ಮಧ್ಯೆ ವಿಶೇಷಣ ಬಂದರೆ ಎರಡೆರಡು ಸಲ ಹೇಳಬೇಕು, ‘ದೆನ್ ಸ್ತೂರಾ ಬೀಲೆನ್’, ಆ ದೊಡ್ಡ ಕಾರು. ಯಾಕೆ ಅಂತ ಕೇಳಬೇಡಿ, ನಾರ್ವೆಯವರೂ ಹೀಗೇ ಮಾಡ್ತಾರೆ. ಸಮಾಸದಲ್ಲಿ ಕೊನೆಯ ಪದದ್ದೇ ಮಾತು: ಹ್ಯೂಸ್ ‘ಎತ್’, ದೋಣಿ ‘ಎನ್ ಬೋತ್’, ದೋಣಿಮನೆ ‘ಎನ್ ಹ್ಯೂಸ್‌ಬೋತ್’. ಬಿಡಿಸಿ ಬರೆದರೆ ತಪ್ಪು.

ವೆಸ್ತೆರೋಸ್‌ನಿಂದ:

ಚಿಕ್ಕ ಮಾತು. ‘ಬರಲ್ವಾ?’ ಅಂತ ಕೇಳಿದರೆ ನಾವು ‘ಹೂಂ, ಬರಲ್ಲ’ ಅಂತೀವಿ. ಇಲ್ಲಿ ಅದಕ್ಕೆ ‘ನೇ’ ಅನ್ನಬೇಕು. ಬರ್ತೀನಿ ಅನ್ನೋದಾದರೆ ‘ಯಾ’ ಅಲ್ಲ, ‘ಯೂ’. ಇದು ತಪ್ಪಿದರೆ ಎದುರಿಗಿದ್ದವರು ತಿರುಗಿ ಕೇಳ್ತಾರೆ. ಮತ್ತೆ, ಡಾಕ್ಟರಿಗೆ, ಅತ್ತೆ ವಯಸ್ಸಿನ ಪಕ್ಕದ ಮನೆಯವರಿಗೆ ‘ದ್ಯೂ’ ಅನ್ನೋಕೆ ಹಿಂಜರೀಬೇಡಿ. 1960ರ ದಶಕದ ಕೊನೆಯಲ್ಲಿ ಇಲ್ಲಿ ಎಲ್ಲರೂ ಎಲ್ಲರಿಗೂ ‘ದ್ಯೂ’ ಅನ್ನೋ ರೂಢಿ ಹರಡಿತು. ನನಗೆ ಮಾತ್ರ ಈಗಲೂ ಒಳಗೊಳಗೇ ‘ನೀವು’ ಅಂತಲೇ ಕೇಳಿಸುತ್ತೆ.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಎರಡನೇ ಜಾಗದ್ದು ಈಗ ಅರ್ಥ ಆಯ್ತು. ಆದರೆ ಟೀಚರ್ ‘ಬಿಫ್, ಬಿಫ್’ ಅಂತಿರ್ತಾರಲ್ಲ, ಅದೇನಕ್ಕ? ‘ಇಂತೆ’ ಒಮ್ಮೆ ಹಿಂದೆ, ಒಮ್ಮೆ ಮುಂದೆ ಯಾಕೆ ಬರುತ್ತೆ?

ಉಪ್ಸಾಲಾದಿಂದ:

ಅದು ಇಲ್ಲಿನವರ ನೆನಪಿನ ಸೂತ್ರ: ಉಪವಾಕ್ಯದಲ್ಲಿ ‘ಇಂತೆ’, ಅಂದರೆ ‘ಇಲ್ಲ’, ಕಾಲ ತೋರಿಸೋ ಕ್ರಿಯಾಪದದ ಮುಂದೆ ಬರುತ್ತೆ ಅನ್ನೋದರ ಮೊದಲಕ್ಷರಗಳು. ಮುಖ್ಯವಾಕ್ಯದಲ್ಲಿ ‘ಹೂನ್ ದ್ರಿಕ್ಕೆರ್ ಇಂತೆ ಕಫ್ಫೆ’, ಅವಳು ಕಾಫಿ ಕುಡಿಯಲ್ಲ. ‘ಕುಡಿಯಲ್ಲ ಅಂತ ಹೇಳ್ತಾಳೆ’ ಆದಾಗ ‘ಹೂನ್ ಸೇಗೆರ್ ಅತ್ ಹೂನ್ ಇಂತೆ ದ್ರಿಕ್ಕೆರ್ ಕಫ್ಫೆ’. ‘ಅತ್’ ಮುಗಿದ ಮೇಲೆ ಎರಡನೇ ಜಾಗದ ನಿಯಮ ಇಲ್ಲ, ಕರ್ತೃ, ‘ಇಂತೆ’, ಆಮೇಲೆ ಕ್ರಿಯಾಪದ. ‘ಅಲ್ತಿದ್’, ‘ಯಾವಾಗಲೂ’ ಅನ್ನೋ ಪದಕ್ಕೂ ಇದೇ ಜಾಗ.

ಬರೆಯುವಾಗ ಇದು ಬರುತ್ತೆ, ಮಾತಿನಲ್ಲಿ ಬೇಗ ಹೊಳೆಯಲ್ಲ. ಅಲ್ಲಿಯವರೆಗೆ ಒಂದು ಉಪಾಯ. ‘ಯಾಕೆಂದರೆ’ ಅನ್ನೋಕೆ ಎರಡು ಪದ ಇವೆ. ‘ಎಫ್ತೆಷೊಮ್’ ಆದ ಮೇಲೆ ಬಿಫ್ ಬೇಕು. ‘ಫೊರ್’ ಆದ ಮೇಲೆ ಸಾದಾ ಮುಖ್ಯವಾಕ್ಯದ ಕ್ರಮವೇ ಸಾಕು: ‘ಯಾಗ್ ಸ್ತನ್ನರ್ ಹೆಮ್ಮಾ, ಫೊರ್ ಯಾಗ್ ಮೋರ್ ಇಂತೆ ಬ್ರಾ’, ಮನೆಯಲ್ಲೇ ಇರ್ತೀನಿ, ಯಾಕೆಂದರೆ ಮೈಗೆ ಹುಷಾರಿಲ್ಲ. ಸದ್ಯಕ್ಕೆ ‘ಫೊರ್’ ಇಟ್ಟುಕೊಂಡು ಮಾತಾಡಿ. ಎಸ್‌ಎಫ್‌ಐನ ಕೊನೆಯದಾದ ಡಿ ಹಂತದ ಪರೀಕ್ಷೆಗೆ ಬರೆಯುವ ಹೊತ್ತಿಗೆ ‘ಎಫ್ತೆಷೊಮ್’ ಶುರು ಮಾಡಿದರಾಯ್ತು. ಕಿವಿಗೆ ಬೇಕಿದ್ದರೆ ಸ್ವೀಡಿಷ್ ರೇಡಿಯೋದವರ ಸರಳ ಸ್ವೀಡಿಷ್ ಸುದ್ದಿ ಹಾಕಿಕೊಂಡು ಅಡುಗೆ ಮಾಡಿ. ನಿಧಾನವಾಗಿ ಓದ್ತಾರೆ, ‘ಇಂತೆ’ ಎಲ್ಲೆಲ್ಲಿ ಬಂತು ಅಂತ ಹಿಡಿಯೋಕೆ ಟೈಮ್ ಸಿಗುತ್ತೆ.