ಆಯುಧಪೂಜೆ: ಶೆಡ್‌ನಲ್ಲಿ ಪೂಜೆ, ಊಟ, ಸಂಜೆ ಪಾರ್ಟಿ. ಯಾವುದನ್ನ ಹೇಗೆ ಮಾಡೋದು?

ಶೆಡ್_ಸೂಪರ್‌ವೈಸರ್

ಪೀಣ್ಯದಲ್ಲಿ ಮಷಿನ್ ಶಾಪ್. 3 ಸಿಎನ್‌ಸಿ (ಕಂಪ್ಯೂಟರ್ ನಡೆಸೋ ಮಷಿನ್), 4 ಲೇತ್, ಒಂದು ಕಂಪ್ರೆಸರ್, ಒಂದು ಫೋರ್ಕ್‌ಲಿಫ್ಟ್, ಹಿಂದೆ ಪೇಂಟ್ ರೂಮು. ಕೆಲಸದವರು 40 ಜನ, ಮನೆಯವರು ಮಕ್ಕಳು ಸೇರಿದರೆ ನೂರು ದಾಟುತ್ತೆ. ಈ ಸಲ ಪೂಜೆ ಜವಾಬ್ದಾರಿ ನನ್ನದು. ಹಿಂದಿನ ದಿನ ಮಷಿನ್ ತೊಳೆಯೋದರಿಂದ ಬೂದುಗುಂಬಳ ಒಡೆಯೋವರೆಗೆ ಏನೇನು ನೋಡ್ಕೋಬೇಕು? ಪೂಜೆ ಆದಮೇಲೆ 4 ದಿನ ರಜೆ. ಸಂಜೆ ಶೆಡ್‌ನಲ್ಲೇ ಪಾರ್ಟಿ ಬೇಕು ಅಂತ ಹುಡುಗರು ಕೇಳ್ತಿದಾರೆ.

ಲೇತ್_ಮೇಂಟೆನೆನ್ಸ್

ಮೊದಲು ಒಂದು ಮಾತು ಸರ್, 'ತೊಳೆಯೋದು' ಅನ್ನೋದನ್ನ ಬಿಡಿ, 'ಒರೆಸೋದು' ಅನ್ನಿ. ಲೇತ್ ಮೇಲೆ ಪೈಪ್ ಬಿಟ್ಟರೆ ನೀರು ಬೆಡ್ ಕೆಳಗೆ, ಬೇರಿಂಗ್ ಒಳಗೆ ಕೂರುತ್ತೆ. 4 ದಿನ ರಜೆ ಮುಗಿಸಿ ಬರೋ ಹೊತ್ತಿಗೆ ಸ್ಲೈಡ್ ಮೇಲೆ ಕೆಂಪು ತುಕ್ಕು ರೆಡಿ. ಏರ್ ಗನ್ ಕೂಡ ಬೇಡ, ಲೋಹದ ಸಣ್ಣ ಚಿಪ್ಸ್ ವೈಪರ್ (ಸ್ಲೈಡ್ ಅಂಚಿನ ರಬ್ಬರ್ ಪಟ್ಟಿ) ಒಳಗೆ ನುಗ್ಗುತ್ತೆ. ಬ್ರಷ್ಷಲ್ಲಿ ಚಿಪ್ಸ್ ಬಳಿದು, ವೇಸ್ಟ್ ಬಟ್ಟೆಯಲ್ಲಿ ಒರೆಸಿ, ಕೊನೆಗೆ 68 ಗ್ರೇಡ್ ಸ್ಲೈಡ್‌ವೇ ಆಯಿಲ್ ತೆಳ್ಳಗೆ ಸವರಿ. ಪೆಟ್ರೋಲು, ಥಿನ್ನರ್ ಮುಟ್ಟಲೇಬೇಡಿ. ಮಾರನೇ ದಿನ ಅಲ್ಲೇ ಕರ್ಪೂರ ಹಚ್ಚೋದು!

ಒರೆಸೋಕೆ ಮುಂಚೆ ಐಸೊಲೇಟರ್ (ಮಷಿನ್‌ನ ಮೇನ್ ಸ್ವಿಚ್) ಆಫ್ ಮಾಡಿ ಬೀಗ ಹಾಕಿ. ಬೀಗದ ಕೈ ಒರೆಸೋನ ಜೇಬಲ್ಲೇ ಇರಲಿ, ಆಫೀಸ್ ಡ್ರಾಯರ್‌ನಲ್ಲಿ ಅಲ್ಲ. ಆಮೇಲೆ ಒಂದು ಸಲ ಸ್ಟಾರ್ಟ್ ಬಟನ್ ಒತ್ತಿ, ತಿರುಗಲ್ಲ ಅನ್ನೋದನ್ನ ಕಣ್ಣಾರೆ ನೋಡಿ. ಡ್ರೈವ್ ಪ್ಯಾನಲ್ ಬಾಗಿಲು ತೆಗೆಯೋದಿದ್ದರೆ ಡ್ರೈವ್ ಮೇಲೆ ಎಷ್ಟು ನಿಮಿಷ ಅಂತ ಬರೆದಿರುತ್ತೋ ಅಷ್ಟು ಕಾಯಬೇಕು, ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತೆ. ಕಂಪ್ರೆಸರ್ ಟ್ಯಾಂಕಿನ ಗಾಳಿ ಪೂರ್ತಿ ಬಿಟ್ಟು, ಕೆಳಗಿನ ಡ್ರೈನ್‌ನಿಂದ ನೀರೂ ತೆಗೀರಿ.

ಸಿಎನ್‌ಸಿ ಇರೋದರಿಂದ ಇನ್ನೊಂದು. ಪವರ್ ಆಫ್ ಮಾಡೋಕೆ ಮುಂಚೆ ಸ್ಕ್ರೀನ್‌ನಲ್ಲಿ ಬ್ಯಾಟರಿ ಅಲಾರಂ ಇದೆಯಾ ನೋಡಿ. ಇದ್ದರೆ ಪವರ್ ಆನ್ ಇರುವಾಗಲೇ ಬ್ಯಾಟರಿ ಬದಲಾಯಿಸಿ. 'ರಜೆ ಆದಮೇಲೆ ನೋಡೋಣ' ಅಂದರೆ ಪ್ಯಾರಾಮೀಟರ್ ಅಥವಾ ಹೋಮ್ ಪೊಸಿಷನ್ ಹೋಗಿರುತ್ತೆ, ಸರ್ವಿಸ್ ಇಂಜಿನಿಯರ್ ಬರೋವರೆಗೆ ಕೂರಬೇಕು. ಪ್ಯಾರಾಮೀಟರ್ ಬ್ಯಾಕಪ್ ಪೆನ್‌ಡ್ರೈವ್‌ಗೂ ತೆಗೆದಿಡಿ.

ಸೇಫ್ಟಿ_ಆಫೀಸರ್

ಮೇಲಿನವರು ಹೇಳಿದ್ದೆಲ್ಲ ಸರಿ. ಪೂಜೆಯ ದಿನಕ್ಕೆ ನನ್ನದು ಇಷ್ಟು.

ಅರಿಶಿನ, ಕುಂಕುಮ, ಗಂಧ ಮಷಿನ್‌ನ ಹೊರಮೈಗೆ ಮಾತ್ರ. ಪ್ಯಾನಲ್‌ನ ಫ್ಯಾನ್ ಜಾಲರಿ, ಸ್ಕ್ರೀನ್, ಸ್ಲೈಡ್, ವರ್ನಿಯರ್, ಮೈಕ್ರೋಮೀಟರ್ ಇವಕ್ಕೆ ಬೇಡ. ಅಳತೆ ಸಾಮಾನನ್ನು ತಟ್ಟೆಯಲ್ಲಿ ಬಿಳಿ ಬಟ್ಟೆ ಹಾಸಿ ಇಟ್ಟು, ಬಟ್ಟೆಗೇ ಕುಂಕುಮ ಇಡಿ; ದೇವರಿಗೆ ಅಭ್ಯಂತರವಿಲ್ಲ. ಬಾಳೆಕಂದು ಅಂದರೆ ಬಹುಪಾಲು ನೀರೇ, ಗೇಟಿಗೆ ಕಟ್ಟಿ, ಪ್ಯಾನಲ್ ಬೋರ್ಡಿಗೆ ಒರಗಿಸಬೇಡಿ. ಸೀರಿಯಲ್ ಸೆಟ್‌ಗಳನ್ನು 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರುವ ಲೈನಿನಿಂದಲೇ ಎಳೆಯಿರಿ, ರಜೆಗೆ ಹೊರಡುವಾಗ ಪ್ಲಗ್ ಕೀಳಿ.

ಪೇಂಟ್ ರೂಮಿಗೆ ಹೂವು, ಕುಂಕುಮ ಸಾಕು. ಅಲ್ಲಿ ದೀಪ, ಊದುಬತ್ತಿ, ಕರ್ಪೂರ ಯಾವುದೂ ಇಲ್ಲ. ಥಿನ್ನರ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಬಂದು ದೂರದ ಕಿಡಿಗೂ ಹತ್ತಿಕೊಳ್ಳುತ್ತದೆ. ಉಳಿದ ಕಡೆ ಮಂಗಳಾರತಿ ತಟ್ಟೆ ಒಬ್ಬರ ಕೈಯಲ್ಲೇ ಇರಲಿ, ಅವರ ಹಿಂದೆ ಇನ್ನೊಬ್ಬರು ಎಕ್ಸ್‌ಟಿಂಗ್ವಿಷರ್ ಹಿಡಿದು ಹೋಗಲಿ. ಪ್ಯಾನಲ್ ಹತ್ತಿರಕ್ಕೆ ಸಿಒ2 ಸಿಲಿಂಡರ್. ಡ್ರೈ ಪೌಡರ್ ಸಿಲಿಂಡರ್‌ನ ಮುಳ್ಳು ಹಸಿರಿನಲ್ಲಿದೆಯೇ ಎಂದು ಹಿಂದಿನ ದಿನವೇ ನೋಡಿ. ಸಾಂಬ್ರಾಣಿ ಹೊಗೆಗೆ ಸ್ಮೋಕ್ ಡಿಟೆಕ್ಟರ್ ಕೂಗುತ್ತದೆಂದು ಪ್ಲಾಸ್ಟಿಕ್ ಕವರ್ ಕಟ್ಟುವ ಅಭ್ಯಾಸ ಹಲವು ಕಡೆ ಇದೆ. ಕವರ್ ತೆಗೆಯುವುದನ್ನು ಎಲ್ಲರೂ ಮರೆಯುತ್ತಾರೆ. ಅದರ ಬದಲು ಆ ಝೋನ್ ಒಂದನ್ನೇ ಫೈರ್ ಅಲಾರಂ ಪ್ಯಾನಲ್‌ನಲ್ಲಿ ಐಸೊಲೇಟ್ ಮಾಡಿಸಿ, ಸಮಯ ಬರೆದಿಟ್ಟು, ಅಲ್ಲೊಬ್ಬರನ್ನು ನಿಲ್ಲಿಸಿ, ಪೂಜೆ ಮುಗಿದ ತಕ್ಷಣ ಮತ್ತೆ ಆನ್ ಮಾಡಿ.

ಫೋರ್ಕ್‌ಲಿಫ್ಟ್‌ನ ನಿಂಬೆಹಣ್ಣು: ನಾಲ್ಕೂ ಚಕ್ರಕ್ಕೆ ಹಣ್ಣಿಟ್ಟು ಎಲ್ಲರೂ ಹಳದಿ ಗೆರೆ ಆಚೆ ಬಂದ ಮೇಲೆಯೇ ಡ್ರೈವರ್ ಹತ್ತಬೇಕು. ಫೋಟೋಗೆಂದು ಮಾಲೀಕರ ಮಗುವನ್ನು ಸೀಟಿನಲ್ಲಿ ಕೂರಿಸುವುದು ಬೇಡ.

ಶೆಡ್_ಸೂಪರ್‌ವೈಸರ್

ಥ್ಯಾಂಕ್ಸ್ ಸರ್. ಕುಂಬಳಕಾಯಿ ಗೇಟಿನ ಮುಂದೆ ರೋಡಲ್ಲೇ ಒಡೆಯೋದು ವಾಡಿಕೆ. ಊಟ ಹೊರಗಿಂದ ತರಿಸ್ತೀವಿ. ಪಾರ್ಟಿಗೆ ಏನಂತೀರಾ?

ಕ್ಯಾಂಟೀನ್_ಮೇಡಂ

ಕುಂಬಳಕಾಯಿನ ದಪ್ಪ ಗೋಣಿಚೀಲದ ಮೇಲೆ ಒಡೆಯಿರಿ, ಕಾಂಪೌಂಡ್ ಒಳಗೆ. ಅದರ ತಿರುಳು ಟಾರ್ ರೋಡಿನ ಮೇಲೆ ಸೋಪಿನ ಹಾಗೆ ಜಾರುತ್ತೆ, ಕುಂಕುಮ ಕಲೆಸಿದ ಮೇಲೆ ರಾತ್ರಿ ಹೊತ್ತು ಕಾಣಿಸೋದೂ ಇಲ್ಲ. ಬೀಳೋದು ಬೈಕಿನವನು. ಕರ್ಪೂರ ಆರಿದ ಮೇಲೆ ಎತ್ತಿ ಒಡೆಯಿರಿ, ಆ ಕ್ಷಣವೇ ಚೀಲ ಮಡಚಿ ಹಸಿ ಕಸಕ್ಕೆ.

ಊಟ: ಪುಳಿಯೋಗರೆ ತಡೆಯುತ್ತೆ. ಕೋಸಂಬರಿ, ಕಾಯಿಚಟ್ನಿ ಬಿಸಿಲಲ್ಲಿ 2 ಗಂಟೆ ಮೀರಿದರೆ ನಂಬಬೇಡಿ. ಪೂಜೆ 11ಕ್ಕೆ ಅಂದರೆ ಪುರೋಹಿತರು 12ಕ್ಕೆ ಬರ್ತಾರೆ, ಆದ್ದರಿಂದ ಕೋಸಂಬರಿಗೆ ಉಪ್ಪು, ಕಾಯಿತುರಿ, ಒಗ್ಗರಣೆ ಬಡಿಸೋ ಮುಂಚೆ ಶೆಡ್‌ನಲ್ಲೇ ಹಾಕಿಸಿ. ಸಾಂಬಾರು ಮುಟ್ಟಿದರೆ ಕೈ ಸುಡೋ ಹಾಗಿರಬೇಕು. ಕಡಲೆಪುರಿ ಪೊಟ್ಟಣ ಕಟ್ಟಿ ಕೊಡಿ, ಎಣ್ಣೆ ಬಿದ್ದ ನೆಲದ ಮೇಲೆ ಪುರಿ ಚೆಲ್ಲಿದರೆ ಅದೂ ಜಾರುತ್ತೆ.

ಸೇಫ್ಟಿ_ಆಫೀಸರ್

ಪಾರ್ಟಿ ಶೆಡ್‌ನಲ್ಲಿ ಬೇಡ. ಅಲ್ಲಿ ಮದ್ಯ ಹಂಚುವುದಕ್ಕೆ ಅಬಕಾರಿ ಇಲಾಖೆಯ ಸಿಎಲ್-5 ಲೈಸೆನ್ಸ್ (ಒಂದು ಸಂದರ್ಭಕ್ಕೆಂದು ಕೊಡುವುದು) ಬೇಕು, ಅದಿದ್ದರೂ ಮಷಿನ್ ಪಕ್ಕ ಕುಡಿಯುವುದು ತರವಲ್ಲ. ಹೊರಗೆ ಹೋಗುವುದಾದರೆ ಹುಡುಗರಿಗೆ ಈ ಲೆಕ್ಕ ಹೇಳಿ: 30 ಮಿಲಿ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್. ಶೇ. 8ರ ಸ್ಟ್ರಾಂಗ್ ಬಿಯರ್‌ನ 650 ಮಿಲಿ ಬಾಟಲಿಯಲ್ಲಿ 41 ಗ್ರಾಂ. 'ಬರೀ ಒಂದು ಬಿಯರ್' ಅಂದರೆ 4 ಸಣ್ಣ ಪೆಗ್. ಮೈ ಅದನ್ನು ಗಂಟೆಗೆ 7ರಿಂದ 10 ಗ್ರಾಂನಂತೆ ಕರಗಿಸುತ್ತದೆ, ಕಾಫಿ ಕುಡಿದರೂ ಸ್ನಾನ ಮಾಡಿದರೂ ಬೇಗ ಆಗದು. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಮೊದಲ ಸಲವೇ 10,000 ರೂ.ವರೆಗೆ ದಂಡ, 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಬೈಕ್ ಕೀಗಳನ್ನು ಶೆಡ್‌ನಲ್ಲೇ ಇರಿಸಿಕೊಂಡು, ವಾಪಸಿಗೆ ಒಂದು ಟೆಂಪೋ ಟ್ರಾವೆಲರ್ ಮೊದಲೇ ಬುಕ್ ಮಾಡಿ.

ಲೇತ್_ಮೇಂಟೆನೆನ್ಸ್

ರಜೆ ಮುಗಿದು ಮಷಿನ್ ಹಾಕೋ ದಿನ: ಕಟ್ಟಿದ ಹಾರ ಎಷ್ಟು ಅಂತ ಬರೆದಿಟ್ಟಿರಿ, ಬಿಚ್ಚಿದ್ದೂ ಅಷ್ಟೇ ಇರಬೇಕು. ಚೆಂಡುಹೂವು ಪುಡಿಯಾಗುತ್ತೆ, ದಾರ ಆಗಲ್ಲ, ಸ್ಪಿಂಡಲ್‌ಗೆ ಸುತ್ತಿಕೊಳ್ಳುತ್ತೆ. ಪೂಜೆಗೆ ಅಂತ ಚಕ್ ಕೀನ ಚಕ್ (ಜಾಬ್ ಹಿಡಿದು ತಿರುಗೋ ಭಾಗ) ಮೇಲೆ ಸಿಕ್ಕಿಸಿ ಹೂವು ಮುಡಿಸಿರ್ತಾರೆ, ಮೊದಲು ಅದನ್ನ ತೆಗೀರಿ. ಆಮೇಲೆ ಲ್ಯೂಬ್ ನೋಡಿ, ಸ್ಪಿಂಡಲ್ ಕಮ್ಮಿ ಸ್ಪೀಡಲ್ಲಿ 10 ನಿಮಿಷ ಓಡಿಸಿ, ಹಂತಹಂತವಾಗಿ ಏರಿಸಿ.